ಗೇರ್ ಎಣ್ಣೆಯ ಮೇಲೆ ಆಣೆ

ನಾನು ಸಿಟ್ಟಿನ ಮನುಷ್ಯನಲ್ಲ. ಬೇಕಾದರೆ ಇದನ್ನು ಯಾರ ಎದುರಿಗೆ ಬೇಕಾದರೂ ಮೇಜು ಕುಟ್ಟಿ ಹೇಳುತ್ತೇನೆ. ಆದರೆ ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದು, ಬೊಮ್ಮಸಂದ್ರದ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ದುಡಿದು, ದಿನಾ ಹೊಸೂರು ರಸ್ತೆಯಲ್ಲಿ ಕಾರು ಓಡಿಸಿ, ಆಮೇಲೂ ಒಬ್ಬ ಮನುಷ್ಯ ಸಮಾಧಾನವಾಗಿದ್ದಾನೆ ಅಂದರೆ ಅವನನ್ನು ಯಾವುದಾದರೂ ಡಾಕ್ಟರಿಗೆ ತೋರಿಸಬೇಕು ಎಂದೇ ನನ್ನ ಅಭಿಪ್ರಾಯ. ಈ ವಿಷಯವನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಬಾರದು ಎಂದು ಯಾರೂ ನನ್ನಿಂದ ಮಾತು ತೆಗೆದುಕೊಂಡಿಲ್ಲ.

ಎಡಗಾಲಿನ ಮಂಡಿ ಕ್ಲಚ್ ಒತ್ತಲು ಒಪ್ಪದ ಕಾರಣ ನಾನೊಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಕೊಂಡೆ. ಕೊಂಡ ಸಂಜೆಯೇ ದಾವಣಗೆರೆಯಿಂದ ನನ್ನ ಹೆಂಡತಿಯ ತಮ್ಮ ಈರೇಶ ಫೋನ್ ಮಾಡಿದ.

"ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗಂಡೀರಂತಲ್ಲ ಭಾವ. ಗೇರ್‌ಬಾಕ್ಸ್ ಕೈ ಕೊಡ್ತತಿ ನೋಡ್ರಿ."

ಅಭಿನಂದನೆ ಇಲ್ಲ, ಎಂಥ ಬಣ್ಣ ಅಂತ ಕೇಳಲಿಲ್ಲ. ಆ ಸಿಟ್ಟಿಗೇ ನಾನು ಗೇರ್‌ಬಾಕ್ಸಿನ ಬಗ್ಗೆ ಓದತೊಡಗಿದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಗೇರ್ ಎಣ್ಣೆ ಜೀವನಪರ್ಯಂತ ಬರುತ್ತದೆ ಎಂದು ಬರೆದಿತ್ತು. ಯಾರ ಜೀವನ? ಕಾರಿನದೋ, ನನ್ನದೋ, ಗ್ಯಾರಂಟಿ ಕಾರ್ಡಿನದೋ? ಎಣ್ಣೆ ಹಾಳಾಗುವುದು ಕಾವಿನಿಂದ. ಖಾಲಿ ರಸ್ತೆಯಲ್ಲಿ ಓಡಿದರೆ ಅದಕ್ಕೆ ಏನೂ ಅನಿಸುವುದಿಲ್ಲ. ನಿಂತು, ಹೊರಟು, ಮತ್ತೆ ನಿಂತು ತೆವಳಿದರೆ ಒಳಗೊಳಗೇ ಕುದಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಸಿಗ್ನಲ್ ದಾಟುವಷ್ಟರಲ್ಲಿ ಅದಕ್ಕೆ ಮೈಸೂರಿಗೆ ಹೋಗಿ ಬಂದಷ್ಟು ಸುಸ್ತಾಗಿರುತ್ತದೆ. ಅರವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕು, ನಮ್ಮಂಥ ರಸ್ತೆಯಾದರೆ ಇನ್ನೂ ಬೇಗ.

ನಾನು ಬದಲಿಸಿದೆ. ನಮ್ಮ ಬೀದಿಯ ತುದಿಯ ಗ್ಯಾರೇಜಿನ ಶ್ಯಾಮಣ್ಣ ಅಡಿಯ ನಟ್ಟು ಬಿಚ್ಚಿದಾಗ ಬಂದ ಎಣ್ಣೆ ಕಪ್ಪಗಿತ್ತು, ಸೀದ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು. ಹೊಸದು ದಾಳಿಂಬೆ ರಸದ ಬಣ್ಣ. ಎರಡನ್ನೂ ಒಂದೊಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದು ಟಿವಿಯ ಪಕ್ಕದ ಶೋಕೇಸಿನಲ್ಲಿ ಇಟ್ಟೆ. ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಕಮಲ ಕಾಫಿ ತರುವಷ್ಟರಲ್ಲಿ ನಾನು ಬಾಟಲಿ ತರುತ್ತಿದ್ದೆ. ಕೆಂಪಗಿದ್ದರೆ ಆರೋಗ್ಯ, ಕಂದಾದರೆ ಮುಪ್ಪು, ಕಪ್ಪಾದರೆ ಕಥೆ ಮುಗಿಯಿತು ಎಂದು ವಿವರಿಸುತ್ತಿದ್ದೆ. ಸ್ಟೋರ್ಸ್‌ನಲ್ಲಿ ನನ್ನನ್ನು ಕಂಡರೆ ಜನ ಬೇರೆ ಬಾಗಿಲಿಂದ ಹೋಗತೊಡಗಿದರು. ಒಳ್ಳೆಯ ಮಾತು ಯಾರಿಗೂ ಬೇಡ ಎಂದುಕೊಂಡೆ.

ಈಗ ನಮ್ಮ ಮನೆಯ ಓನರ್ ನಾಗಲಕ್ಷ್ಮಮ್ಮನವರ ಬಗ್ಗೆ ಹೇಳಬೇಕು. ಹೆಬ್ಬಗೋಡಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದ ಒಕ್ಕಲು ಮನೆತನ. ಅವರ ಗಂಡ ಗೋಪಾಲಪ್ಪ ಯಾವ ಮಾತಿಗೂ "ನೋಡಾಣ" ಎಂದಷ್ಟೇ ಹೇಳುವ ಮನುಷ್ಯ. ಉಳಿದ ಮಾತನ್ನೆಲ್ಲ ಅವರ ಪಾಲಿಗೂ ಸೇರಿಸಿ ನಾಗಲಕ್ಷ್ಮಮ್ಮನೇ ಆಡುತ್ತಾರೆ. ನಮ್ಮ ಮಗಳು ಶಿವಾನಿ ಹುಟ್ಟಿದಾಗ ಕಮಲಳ ತಾಯಿ ಹಾಸಿಗೆ ಹಿಡಿದಿದ್ದರು. ಬಾಣಂತನ ಮಾಡಿದವರು ಈ ನಾಗಲಕ್ಷ್ಮಮ್ಮ. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು, ಕಮಲಳಿಗೆ ಬೆಳ್ಳುಳ್ಳಿ ಸಾರು ಮಾಡಿ ಬಡಿಸಿದವರು. ಆ ಮನೆ ನಮಗೆ ಬಾಡಿಗೆ ಮನೆ ಎಂದು ಅನಿಸಿದ್ದೇ ಇಲ್ಲ. ಅಷ್ಟು ಒಳ್ಳೆಯವರು ನನ್ನ ಕಾರಿನ ಕೆಳಗೆ ಓಕುಳಿ ಚೆಲ್ಲಿದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನೋಡುತ್ತೇನೆ, ಕಾರಿನ ಮೂತಿಯ ಕೆಳಗೆ ಅಂಗೈಯಗಲ ಕೆಂಪು. ಗೇಟಿನಾಚೆ ಹಿಂದಿನ ಸಂಜೆ ಅವರು ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ಬಿದ್ದಿದ್ದವು. ಅಮಾವಾಸ್ಯೆಗೆ ಅವರು ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ, ಅರಿಸಿನಕ್ಕೆ ಸುಣ್ಣ ಕದಡಿದ ಕೆಂಪು ನೀರಿನಿಂದ ದೃಷ್ಟಿ ತೆಗೆಯುವುದು ವಾಡಿಕೆ. ಕಂಡವರ ಕಣ್ಣೆಲ್ಲ ಆ ನೀರಿಗೆ ಇಳಿದಿರುತ್ತದೆ. ಅದನ್ನು ನನ್ನ ಗಾಡಿಯ ಕೆಳಗೆ ಸುರಿದರೆ ಆ ಕಣ್ಣೆಲ್ಲ ಯಾರ ಮೇಲೆ ಬಂತು?

ನಾನು ಸೌಮ್ಯವಾಗಿಯೇ ಕೇಳಿದೆ. ಎದುರು ಮನೆಯವರು ಕಿಟಕಿ ತೆರೆದಿದ್ದು ಗಾಳಿಗಾಗಿ ಇರಬೇಕು.

"ಅಮ್ಮಾ, ಮೊಮ್ಮಕ್ಕಳ ದೃಷ್ಟಿ ತೆಗೀರಿ, ಬೇಡ ಅನ್ನಲ್ಲ. ನನ್ನ ಗಾಡಿ ಕೆಳಗೆ ಯಾಕೆ ಸುರೀತೀರಿ?"

"ನಾನೆಲ್ಲಪ್ಪ ಸುರ್ದೆ? ಗೇಟಿನಾಚೆ ಮೋರಿಗೆ ಚೆಲ್ಲಿವ್ನಿ. ನಿನ್ ಗಾಡಿ ತಾವ್ಕೆ ನಾನ್ಯಾಕೆ ಓಗ್ಲಿ?" ಎಂದು ಅವರು ಒಂದು ಬಕೆಟ್ ನೀರು ಹುಯ್ದು, ಪೊರಕೆಯಿಂದ ಗುಡಿಸಿ, ಮೇಲೆ ರಂಗೋಲಿಯನ್ನೂ ಎಳೆದುಬಿಟ್ಟರು.

ಮರುದಿನ ಬೆಳಿಗ್ಗೆ ಮತ್ತೆ ಕೆಂಪು. ಅದರ ಮರುದಿನವೂ. ಅವರು ನೀರು ಹುಯ್ದಾಗ ಆ ಕೆಂಪು ಕಲೆ ನೀರಿನ ಮೇಲೆ ತೇಲಿ ಬಣ್ಣ ಬಣ್ಣವಾಗಿ ಮಿರುಗಿತು.

"ನೋಡ್ರಿ, ಹೆಂಗೆ ಮಿರುಗುತ್ತೆ. ಮಂತ್ರಿಸಿದ್ದು ಅಂದ್ರೆ ಹಿಂಗೇ ಇರೋದು," ಎಂದೆ.

ನಾಗಲಕ್ಷ್ಮಮ್ಮ ಪೊರಕೆ ನೆಟ್ಟಗೆ ಹಿಡಿದುಕೊಂಡರು. "ಮಂತ್ರಿಸಿದ್ದು ಇಂಗಿರ್ತದೆ ಅಂತ ನಂಗೊತ್ತಿಲ್ಲ, ನಿಂಗೊತ್ತೈತೆ. ಅಂಗಾರೆ ಮಾಡ್ಸಿರೋನು ಯಾರು? ನಮ್ಮನೆ ಅಂಗ್ಳದಾಗೆ ತಂದು ಚೆಲ್ತಿರೋನು ನೀನೇ ಇರ್ಬೇಕು."

ಹೀಗೆ ತಿರುಗಿಸಿ ಹೊಡೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ದಿನಾ ಪೂಜೆ ಮಾಡುವ ನಾನು ಮಾಟ ಮಾಡಿಸಿದೆನಂತೆ.

ಮೇಲಿನ ಮನೆಯಲ್ಲಿ ಅಂಬರೀಶ್ ಎಂಬ ಹುಡುಗ ಬಾಡಿಗೆಗಿದ್ದಾನೆ, ಯಾವುದೋ ಸಾಫ್ಟ್‌ವೇರ್ ಕಂಪನಿ. ಅವನ ಬಾಲ್ಕನಿಯ ಕ್ಯಾಮೆರಾ ನಮ್ಮ ಅಂಗಳವನ್ನೇ ನೋಡುತ್ತದೆ. ಕಾಫಿ ಕೊಟ್ಟು ಕೇಳಿದೆ. ಅವನು ಲ್ಯಾಪ್‌ಟಾಪ್ ಹೊತ್ತು ಕೆಳಗೆ ಬಂದ. ನಾನು, ಕಮಲ, ನಾಗಲಕ್ಷ್ಮಮ್ಮ, ಗೋಪಾಲಪ್ಪ ಎಲ್ಲರೂ ಅವನ ಸುತ್ತ ನಿಂತೆವು.

"ಯಾರೂ ಬಂದಿಲ್ಲ ಅಂಕಲ್. ಒಂದು ಬೆಕ್ಕು ಬಂತು, ಗಾಡಿ ಕೆಳಗೆ ಹೋಯ್ತು, ಆ ಕಡೆಯಿಂದ ಆಚೆ ಬಂತು. ಅಷ್ಟೇ."

"ಬೆಕ್ಕಿನ ರೂಪದಾಗೆ ಬಂದವ್ರೆ," ಎಂದರು ನಾಗಲಕ್ಷ್ಮಮ್ಮ.

ಈ ಒಂದು ವಿಷಯದಲ್ಲಿ ಮಾತ್ರ ನಾನು ಅವರ ಮಾತನ್ನು ಒಪ್ಪಿದೆ. ಬೆಕ್ಕನ್ನು ಕಳಿಸಿದ್ದು ಯಾರು ಎಂಬಲ್ಲಿ ನಮಗೆ ಭಿನ್ನಾಭಿಪ್ರಾಯವಿತ್ತು. ಅಂಬರೀಶ್ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಮೀಟಿಂಗ್ ಇದೆ ಎಂದು ಮೇಲೆ ಹೋದ.

ಅಂದಿನಿಂದ ಕಾರನ್ನು ಅಂಗಳದಲ್ಲಿ ಬಿಡದೆ ದಿನಸಿ ಅಂಗಡಿಯ ಹಿಂದೆ ನಿಲ್ಲಿಸಿದೆ. ಅಲ್ಲೂ ಕೆಂಪು ಬಂತು. ಫ್ಯಾಕ್ಟರಿಯಲ್ಲಿ ನಿಲ್ಲಿಸಿದೆ, ಅಲ್ಲೂ ಬಂತು. ನಾಗಲಕ್ಷ್ಮಮ್ಮನ ಕೈ ಇಷ್ಟು ಉದ್ದವಿದೆಯೆಂದು ನನಗೆ ತಿಳಿದಿರಲಿಲ್ಲ. ಫ್ಯಾಕ್ಟರಿಯ ಸೇಫ್ಟಿ ಆಫೀಸರ್ ರೇವಣಸಿದ್ದ ಓಡಿ ಬಂದ. ನೆಲದ ಮೇಲೆ ಒಂದು ಹನಿ ನೀರು ಕಂಡರೂ ನಿದ್ದೆಗೆಡುವ ಮನುಷ್ಯ. ಕಾರಿನ ಸುತ್ತ ಮರದ ಪುಡಿ ಸುರಿಸಿ, ನಾಲ್ಕು ಕಡೆ ಕೆಂಪು ಕೋನ್ ಇಡಿಸಿದ.

"ಸಾರ್, ಇದ್ಯಾವ ಲಿಕ್ವಿಡ್? ಹೆಸರು ಹೇಳಿ, ಬೋರ್ಡ್ ಹಾಕ್ಬೇಕು."

"ಓಕುಳಿ," ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಮಧ್ಯಾಹ್ನ ಊಟಕ್ಕೆ ಹೊರಟಾಗ ನೋಡಿದರೆ ನನ್ನ ಕಾರಿನ ಮುಂದೆ ಹಳದಿ ಬೋರ್ಡು ನಿಂತಿತ್ತು: ಎಚ್ಚರಿಕೆ, ಓಕುಳಿ, ಜಾರುತ್ತದೆ. ಇಡೀ ಶಿಫ್ಟಿನವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಇಷ್ಟರಲ್ಲಿ ಕಾರು ಕೂಡ ಮಂಕಾಗಿತ್ತು. ಗೇರ್ ಹಾಕಿದರೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತು, ಚಕ್ರ ಮಾತ್ರ ಆಮೇಲೆ ತಿರುಗುತ್ತಿತ್ತು. ಎಣ್ಣೆ ಹೊಸದು, ಅದರ ಮೇಲೆ ಅನುಮಾನಪಡುವಂತಿಲ್ಲ. ಉಳಿದಿದ್ದು ಕಣ್ಣು. ಆದರೂ ನ್ಯಾಯವಾಗಿರಬೇಕೆಂದು ಕಾರನ್ನು ಮತ್ತೆ ಅಂಗಳಕ್ಕೇ ತಂದು ಶ್ಯಾಮಣ್ಣನನ್ನು ಕರೆಸಿದೆ. ಅವನು ಬಂದು ಬಗ್ಗಿ ನೋಡುವ ಹೊತ್ತಿಗೆ ನಾಗಲಕ್ಷ್ಮಮ್ಮ ಅಂಗಳ ತೊಳೆದು ರಂಗೋಲಿ ಹಾಕಿ ಮುಗಿಸಿದ್ದರು. ನೆಲ ಕನ್ನಡಿಯಂತಿತ್ತು.

"ನಂ ಕೆಲ್ಸ ಲೀಕ್ ಆಗಲ್ಲ ಸಾರ್," ಎಂದ ಶ್ಯಾಮಣ್ಣ. "ಬಿಚ್ಚಿದ್ದ ನಟ್ಟು, ಅದೇ ಹಳೇ ವಾಷರು, ಕಂಪನಿಯಿಂದ ಬಂದಿದ್ದೇ. ಒಂದ್ ಸಾಮಾನೂ ಬದಲಾಯಿಸ್ದೆ ಗಟ್ಟಿಯಾಗಿ ಕೂರಿಸಿವ್ನಿ. ಇದು ಬ್ಯಾರೆ ಏನೋ. ಗಾಡಿಗೆ ನಿಂಬೆಹಣ್ಣು ಕಟ್ಸಿ." ತಾನೇ ಜೇಬಿನಿಂದ ದಾರ ತೆಗೆದು, ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ, ಮುಂದಿನ ಬಂಪರಿಗೆ ಕಟ್ಟಿಯೂ ಕೊಟ್ಟ. ಈ ಕಾಲದಲ್ಲಿ ಇಂಥ ಮೆಕ್ಯಾನಿಕ್ ಸಿಗುವುದಿಲ್ಲ ಎಂದು ನಾನು ಕಮಲಳಿಗೆ ಹೇಳಿದೆ.

ಭಾನುವಾರ ನಾಗಲಕ್ಷ್ಮಮ್ಮ ಮೊಸರಿನ ಹೆಪ್ಪಿಗೆಂದು ನಮ್ಮ ಮನೆಯೊಳಗೆ ಬಂದರು. ಜಗಳವಿದ್ದರೂ ಹೆಪ್ಪು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬಟ್ಟಲು ಹಿಡಿದು ನಿಂತವರ ಕಣ್ಣು ಶೋಕೇಸಿನ ಮೇಲೆ ಬಿತ್ತು. ಅಲ್ಲಿ ಕೆಂಪು ಬಾಟಲಿ, ಅದರ ಪಕ್ಕ ಕಪ್ಪು ಬಾಟಲಿ.

"ರೀ, ಬನ್ನಿ ಇಲ್ಲಿ," ಎಂದು ಅವರು ಕೂಗಿದ್ದಕ್ಕೆ ಗೋಪಾಲಪ್ಪನ ಜೊತೆ ಅರ್ಧ ಬೀದಿಯೇ ಬಂತು. "ಬಾಟ್ಲಾಗೆ ತುಂಬಿ ಮಡಗವ್ನೆ. ದಿನಾ ಒಂದಿಷ್ಟು ಚೆಲ್ತವ್ನೆ. ಕರೀದು ಏನಕ್ಕೋ, ಆ ದ್ಯಾವ್ರಿಗೇ ಗೊತ್ತು."

"ಅದು ಗೇರ್ ಎಣ್ಣೆ," ಎಂದು ನಾನು ಕಿರುಚಿದೆ.

"ನಮ್ಮ ಟ್ರ್ಯಾಕ್ಟರಿಗೆ ಉಯ್ಯೋ ಗೇರ್ ಎಣ್ಣೆ ನಾನ್ ಕಂಡಿಲ್ವಾ? ಜೇನುತುಪ್ಪ ಇದ್ದಂಗಿರ್ತದೆ. ಎಣ್ಣೆ ಎಲ್ಲಾರ ಕೆಂಪಗಿರ್ತದಾ?"

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಕೆಂಪು ಬಾಟಲಿ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಕಾರಿನ ಪಕ್ಕ ನಿಂತು ಬೀದಿಯವರಿಗೆಲ್ಲ ಕೇಳುವಂತೆ ವಿವರಿಸಿದೆ. ಟ್ರ್ಯಾಕ್ಟರ್ ಬೇರೆ, ಆಟೋಮ್ಯಾಟಿಕ್ ಬೇರೆ. ಕೆಂಪಗಿದ್ದರೆ ಆರೋಗ್ಯ, ಕಂದಾದರೆ ಮುಪ್ಪು. ಬಾಟಲಿಯನ್ನು ಬಿಸಿಲಿಗೆ ಹಿಡಿದು ಬಣ್ಣ ತೋರಿಸಿದೆ. ನನ್ನ ಚಪ್ಪಲಿಯ ಪಕ್ಕದಲ್ಲೇ ಆ ದಿನದ ಓಕುಳಿ ಹೊಳೆಯುತ್ತಿತ್ತು.

ಕಮಲ ನನ್ನ ತೋಳು ಜಗ್ಗಿದಳು. "ರೀ, ಎರಡೂ ಒಂದೇ ಬಣ್ಣ ಅದಾವಲ್ಲ."

"ಬಣ್ಣದ ವಿಷಯ ಸೀರೆ ಅಂಗಡೀಲಿ ಮಾತಾಡು," ಎಂದೆ. ಸೋರುವ ಎಣ್ಣೆ ಕಪ್ಪಗಿರುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಹೊಸ ಎಣ್ಣೆ ಯಾಕೆ ಸೋರುತ್ತದೆ?

ನಾಗಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸಾಕು ಕಣಪ್ಪ. ನಾನು ಮಾಟಗಾತಿ ಅಂತ ಬೀದಿಗೆಲ್ಲ ಸಾರ್ದೆ. ನಿಮ್ ಪ್ಯಾಕ್ಟ್ರಿನಾಗೆ ಬೋಡ್ ಆಕ್ಸಿದ್ಯಂತೆ. ಈ ತಿಂಗ್ಳು ಮುಗ್ಯೋದ್ರೊಳಗೆ ಮನೆ ಖಾಲಿ ಮಾಡು." ಹೆಪ್ಪಿನ ಬಟ್ಟಲನ್ನು ಜಗುಲಿಯ ಮೇಲೆ ಬಿಟ್ಟು ಒಳಗೆ ಹೋದರು.

ಕಮಲ ಆ ಮಧ್ಯಾಹ್ನ ಒಲೆ ಹಚ್ಚಲಿಲ್ಲ. "ಈ ಮನೆ ಹೋದ್ರೆ ನಾನು ನನ್ನ ಮಗಳು ದಾವಣಗೆರೆಗೆ ಹೋಗ್ತೀವಿ. ನೀವು ಬಾಟ್ಲಿ ಇಟ್ಕೊಂಡು ಇರ್ರಿ," ಎಂದಳು. ಅವಳು ಅಳುತ್ತಿದ್ದಳು. ನನಗೂ ಆ ಮನೆ ಬಿಡಲು ಮನಸ್ಸಿರಲಿಲ್ಲ, ಸುಳ್ಳೇಕೆ. ಆ ಅಂಗಳದಲ್ಲಿ ಶಿವಾನಿ ಅಂಬೆಗಾಲಿಟ್ಟಿದ್ದಳು. ಅದಕ್ಕೂ ಸಿಟ್ಟೇ ಬಂತು.

ಸಂಜೆ ಗೋಪಾಲಪ್ಪ ಬಂದರು. ನಾನು ಅವರ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು ಅದು. "ನಾಳೆ ಬೆಳಗ್ಗೆ ಬಂಡೆ ಮುನೇಶ್ವರನ ಗುಡೀಗೆ ಓಗಾಣ. ಇಬ್ರೂ ಕರ್ಪೂರ ಮುಟ್ಟಿ, ನಾ ಚೆಲ್ಲಿಲ್ಲ ಅಂತ ಆಣೆ ಮಾಡ್ಲಿ. ನೀನು ಆಣೆ ಮಾಡಿದ್ರೆ ಮನೆ ನಿಂದೇ. ಸುಳ್ ಏಳ್ದೋರನ್ನ ಸ್ವಾಮಿ ನೋಡ್ಕತಾನೆ."

ಒಪ್ಪಿದೆ. ನಾನು ಯಾಕೆ ಹೆದರಲಿ?

ಬಂಡೆ ಮುನೇಶ್ವರ ಆನೇಕಲ್ ದಾರಿಯಲ್ಲಿ ಒಂದು ಗುಡ್ಡದ ಮೇಲಿದ್ದಾನೆ. ಸಿಮೆಂಟ್ ರಸ್ತೆ ಇದೆ, ಆದರೆ ಕಡಿದಾದ ಏರು. ಗೋಪಾಲಪ್ಪನವರ ಮಗ ಮುನಿಕೃಷ್ಣ ಅವರ ಮನೆಯ ಕಾರು ತೆಗೆದುಕೊಂಡು ಹೋಗಿದ್ದ. ಆಟೋದವರು ಆ ಏರಿಗೆ ಬರುವುದಿಲ್ಲ. ಹಾಗಾಗಿ ನನ್ನ ವಿರುದ್ಧ ಆಣೆ ಮಾಡಲು ನಾಗಲಕ್ಷ್ಮಮ್ಮ ನನ್ನ ಕಾರಿನಲ್ಲೇ ಬರಬೇಕಾಯಿತು. ಹಿಂದಿನ ಸೀಟಿನಲ್ಲಿ ಕರ್ಪೂರದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು. ಪಕ್ಕದಲ್ಲಿ ಕಮಲ, ಅವಳ ಬ್ಯಾಗಿನಲ್ಲಿ ಸಾಕ್ಷಿಗೆಂದು ಕೆಂಪು ಬಾಟಲಿ. ನನ್ನ ಪಕ್ಕ ಗೋಪಾಲಪ್ಪ.

ಏರಿನ ಅರ್ಧಕ್ಕೆ ಬಂದಿದ್ದೆವು. ಇಂಜಿನ್ ಒಮ್ಮೆಲೇ ಅರಚಿತು. ನಾನು ಇನ್ನೂ ಒತ್ತಿದೆ, ಅದು ಇನ್ನೂ ಅರಚಿತು. ಕಾರು ನಿಂತಿತು. ಆಮೇಲೆ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹಿಂದಕ್ಕೆ ಜಾರತೊಡಗಿತು. ನಾನು ಬ್ರೇಕ್ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದೆ.

"ಮುನೇಶ್ವರ ನಿನ್ ಗಾಡಿ ತಡ್ದವ್ನೆ," ಎಂದರು ನಾಗಲಕ್ಷ್ಮಮ್ಮ.

"ನಿಮ್ಮನ್ನ ಕೂರಿಸ್ಕೊಂಡಿದ್ದಕ್ಕೆ ತಡೆದಿದ್ದಾನೆ," ಎಂದೆ.

"ಕಲ್ಲು," ಎಂದರು ಗೋಪಾಲಪ್ಪ. ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ನಾವೂ ಇಳಿದೆವು. ಇಳಿದು ನಿಂತು ಕೆಳಗೆ ನೋಡಿದೆವು.

ಬಿಳಿ ಸಿಮೆಂಟ್ ರಸ್ತೆಯ ನಡುವೆ, ಗುಡ್ಡದ ಬುಡದಿಂದ ನನ್ನ ಕಾರಿನವರೆಗೆ ಕೆಂಪು ಹನಿಗಳ ಸಾಲು. ಕಾರಿನ ಕೆಳಗೆ ಹೊಸ ಹನಿ ಬೀಳುತ್ತಲೇ ಇತ್ತು. ಗೋಪಾಲಪ್ಪ ಬಗ್ಗಿ, ಬೆರಳಿಂದ ಮುಟ್ಟಿ, ಮೂಸಿ, "ಎಣ್ಣೆ," ಎಂದರು.

ಕಮಲ ಬ್ಯಾಗಿನಿಂದ ಬಾಟಲಿ ತೆಗೆದಳು, ಮುಚ್ಚಳ ತಿರುಗಿಸಿದಳು, ಆ ಹನಿಯ ಪಕ್ಕ ಒಂದು ಹನಿ ಬಿಟ್ಟಳು. ಎರಡನ್ನೂ ನಾಲ್ಕು ಜನ ನೋಡಿದೆವು. ಮುಚ್ಚಳ ಹಾಕಿ ಅವಳು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

ನಾಗಲಕ್ಷ್ಮಮ್ಮ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೂಗಲಿಲ್ಲ.

"ನಿನ್ ಮಗೀಗೆ ನನ್ ಕಾಲ್ ಮ್ಯಾಲೆ ಆಕ್ಕೊಂಡು ನೀರ್ ಉಯ್ದಿವ್ನಿ ಕಣೋ," ಎಂದರು. "ಆ ಕೈನಾಗೆ ನಿಂಗೆ ಮಾಟ ಮಾಡ್ತೀನಾ? ಅದೆಂಗೆ ಬಾಯ್ ಬಂತು ನಿಂಗೆ?"

ನನಗೆ ತಡೆಯಲಾರದ ಸಿಟ್ಟು ಬಂತು. ಒಮ್ಮೆ ಬಿಚ್ಚಿದರೆ ಮತ್ತೆ ಬಿಗಿಯಾಗಿ ಕೂರದ ಹಳೆಯ ವಾಷರನ್ನೇ ಹಾಕಿದ ಶ್ಯಾಮಣ್ಣನ ಮೇಲೆ, ಜೀವನಪರ್ಯಂತ ಎಂದು ಬರೆದ ಪುಸ್ತಕದ ಮೇಲೆ, ಬೋರ್ಡು ಬರೆಸಿದ ರೇವಣಸಿದ್ದನ ಮೇಲೆ, ಬೆಕ್ಕಿನ ಮೇಲೆ, ಮೊದಲೇ ಹೇಳಿದ್ದ ಈರೇಶನ ಮೇಲೆ. ಸಾಲು ಉದ್ದವಿತ್ತು, ನನ್ನ ಸರದಿ ಬರಲೇ ಇಲ್ಲ. ಬಾಟಲಿ ಹಿಡಿದುಕೊಂಡು ನಿಂತಿದ್ದೆ.

"ತಪ್ಪಾಯ್ತಮ್ಮ," ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

"ಅದನ್ನಾದ್ರೂ ಕಿರುಚ್ದಂಗೆ ಏಳು," ಎಂದು ಅವರು ಕಣ್ಣೊರೆಸಿಕೊಂಡರು. "ಬಾ ಮ್ಯಾಕೆ. ಕರ್ಪೂರ ತಂದಿವ್ನಿ, ಸುಮ್ಕೆ ವಾಪಸ್ ತಗೊಂಡೋಗ್ಬಾರ್ದು. ಆಣೆ ಮಾಡಿಯೇ ಓಗ್ಬೇಕು."

ಉಳಿದ ಏರನ್ನು ನಡೆದೇ ಹತ್ತಿದೆವು. ಕ್ಲಚ್ ಒತ್ತಲಾರದ ನನ್ನ ಮಂಡಿ ಮುನೇಶ್ವರನ ಗುಡ್ಡ ಹತ್ತಿತು. ಉರಿಯುವ ಕರ್ಪೂರದ ಮೇಲೆ ನನ್ನ ಅಂಗೈ ಹಿಡಿಸಿ, ಆಣೆಯ ಮಾತನ್ನು ಅವರೇ ಹೇಳಿಕೊಟ್ಟರು. ಇನ್ನು ಮುಂದೆ ಗೇರ್ ಎಣ್ಣೆಯ ವಿಷಯ ಯಾರ ಹತ್ತಿರವೂ ಬಾಯಿಬಿಟ್ಟು ಆಡುವುದಿಲ್ಲ. ನಾಗಲಕ್ಷ್ಮಮ್ಮನ ಅಂಗಳದಲ್ಲಿ ಏನು ಕೆಂಪು ಕಂಡರೂ ಚಕಾರ ಎತ್ತುವುದಿಲ್ಲ. ಕಮಲ ಕೈ ಮುಗಿದು ನಿಂತಿದ್ದಳು. ಅಷ್ಟು ಭಕ್ತಿ ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ.

"ಮನೆ?" ಎಂದೆ.

"ಮನೆ ಎಲ್ಲಿಗೋಯ್ತದೆ? ನೀನ್ ಬೇಕಾರೆ ಓಗು. ಕಮಲ, ಮಗಾ ಇಲ್ಲೇ ಇರ್ತಾವೆ," ಎಂದರು. ಕಮಲ ಅವರ ಕೈ ಹಿಡಿದುಕೊಂಡಳು.

ಕಾರನ್ನು ಅವರ ಟ್ರ್ಯಾಕ್ಟರಿಗೇ ಕಟ್ಟಿ, ಹೆಬ್ಬಗೋಡಿಯ ಮುಖ್ಯರಸ್ತೆಯಲ್ಲಿ ಎಲ್ಲರಿಗೂ ಕಾಣುವಂತೆ ಎಳೆದು ತಂದರು. ಶ್ಯಾಮಣ್ಣ ಎಣ್ಣೆ ಅಳೆಯುವ ಕಡ್ಡಿ ಎಳೆದು ತೋರಿಸಿದ. ತುದಿಯಲ್ಲಿ ಮಾತ್ರ ಎಣ್ಣೆ, ಅದೂ ಆಗಲೇ ಕಂದು. ಮೊನ್ನೆ ಮೊನ್ನೆ ಹಾಕಿದ ಎಣ್ಣೆ, ಇದ್ದುದೇ ಸ್ವಲ್ಪವಾದ್ದರಿಂದ ಕಾದು ಕಾದು ಇಷ್ಟು ಬೇಗ ಮುಪ್ಪಾಗಿತ್ತು.

"ನಿಮ್ಮಂಗೇ," ಎಂದಳು ಕಮಲ.

ಆಣೆ ಇದ್ದದ್ದರಿಂದ ನಾನು ಉತ್ತರ ಕೊಡಲಿಲ್ಲ. ಹೊಸ ವಾಷರ್ ಹಾಕಿ, ಮತ್ತೆ ಎಣ್ಣೆ ತುಂಬಿಸಿದೆ. ಗೇರ್‌ಬಾಕ್ಸ್ ಬದುಕಿತು. ಕಾರು ತನ್ನ ಹಳೆಯ ಜಾಗಕ್ಕೆ, ನಾಗಲಕ್ಷ್ಮಮ್ಮನ ಅಂಗಳಕ್ಕೆ ಬಂತು. ಶೋಕೇಸಿನಲ್ಲಿ ಬಾಟಲಿಗಳಿದ್ದ ಕಡೆ ಈಗ ಕಮಲ ಪ್ಲಾಸ್ಟಿಕ್ ಹೂವು ಇಟ್ಟಿದ್ದಾಳೆ.

ಕಾರು ಅಂಗಳಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತೇನೆ, ಕಾರಿನ ಮುಂದಿನ ಚಕ್ರದಿಂದ ಒಳಕ್ಕೆ ಹರಿದು ಹೋಗಿದೆ, ಅದೇ ಕೆಂಪು.

ಮಂಡಿಯನ್ನೂ ಲೆಕ್ಕಿಸದೆ ನೆಲಕ್ಕೆ ಮಲಗಿ ಕಾರಿನ ಕೆಳಗೆ ತೂರಿದೆ. ನಟ್ಟು ಮುಟ್ಟಿದೆ, ಒಣಗಿತ್ತು. ಕೆಂಪನ್ನು ಬೆರಳಿಗೆ ಹಚ್ಚಿ ಮೂಸಿದೆ, ತಿಳಿಯಲಿಲ್ಲ. ನಾಲಿಗೆಗೆ ಹಚ್ಚಿದೆ. ಅರಿಸಿನ. ಅದರ ಹಿಂದೆಯೇ ಸುಣ್ಣ.

ಕಾರಿನ ಆ ಬದಿಗೆ ಎರಡು ಪಾದಗಳು, ಒಂದು ಪೊರಕೆ ಕಂಡವು.

"ನಾನೇ ಉಯ್ದೆ ಕಣಪ್ಪ," ಎಂದರು ನಾಗಲಕ್ಷ್ಮಮ್ಮ. "ಟ್ರ್ಯಾಕ್ಟ್ರಿಗೆ ಕಟ್ಟಿ ಎಳ್ಕೊಂಡ್ ಬರೋವಾಗ ಊರೋರ್ ಕಣ್ಣೆಲ್ಲ ನಿನ್ ಗಾಡಿ ಮ್ಯಾಲೇ ಇತ್ತು. ಅದ್ಕೆ ದೃಷ್ಟಿ ತೆಗ್ದು ಚಕ್ರಕ್ಕೆ ಉಯ್ದೆ. ಏನಾರ ಏಳೋದೈತಾ?"

ಬಾಯಿ ತೆರೆದೆ. ಕರ್ಪೂರ ನೆನಪಾಯಿತು.

"ಏನಿಲ್ಲಮ್ಮ," ಎಂದೆ, ಕಾರಿನ ಕೆಳಗಿನಿಂದಲೇ.

ಸುಣ್ಣಕ್ಕೆ ನಾಲಿಗೆ ಸಂಜೆಯವರೆಗೂ ಉರಿಯುತ್ತಿತ್ತು.